ಉಳಿದ ಮಟನ್ನಿನ ಶಾವಿಗೆ ಸಾರು

"ಮನಿಗೆ ಕರ್ಕೊಂಡ ಹೋಗ್ರಿ. ಇನ್ನ ಪಥ್ಯ-ಗಿಥ್ಯ ಏನೂ ಬ್ಯಾಡ. ಅವರು ಏನ ಕೇಳ್ತಾರ ಅದನ್ನ ಕೊಡ್ರಿ."

ಗೋಕಾಕದ ಆಸ್ಪತ್ರೆಯ ಪಡಸಾಲೆಯಲ್ಲಿ ಡಾಕ್ಟರು ನನಗೆ ಇಷ್ಟು ಹೇಳಿ ಮುಂದಿನ ಪೇಷಂಟಿನ ಕಡೆ ನಡೆದರು. ಒಳಗೆ ಮಂಚದ ಮೇಲೆ ನನ್ನ ತಮ್ಮ ಮಲಗಿದ್ದ. ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿತ್ತು, ಕಣ್ಣುಗಳು ಅರಿಶಿನ ಬಣ್ಣಕ್ಕೆ ತಿರುಗಿದ್ದವು, ತೋಳುಗಳಲ್ಲಿ ಮಾಂಸವೇ ಉಳಿದಿರಲಿಲ್ಲ. ಮೂಡಲಗಿಯ ಸುತ್ತ ಕಬ್ಬು ಹೇರುವ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು, ಕೆಸರಿನಲ್ಲಿ ಹೂತ ಗಾಡಿಯನ್ನು ಹೆಗಲು ಕೊಟ್ಟು ಎತ್ತುತ್ತಿದ್ದವನು. ಕುಡಿತ ಬಿಟ್ಟಿದ್ದ, ಆದರೆ ಬಿಡುವ ಹೊತ್ತಿಗೆ ತಡವಾಗಿತ್ತು.

ಸಾಯುತ್ತಾನೆ ಎಂಬುದನ್ನು ಊಟದ ಮಾತಾಗಿ ಹೇಳುವ ಈ ರೂಢಿಯನ್ನು ಯಾರು ಹಾಕಿಕೊಟ್ಟರೋ ನನಗೆ ಗೊತ್ತಿಲ್ಲ. ನಮ್ಮ ಕಡೆ ಡಾಕ್ಟರುಗಳೆಲ್ಲ ಹೀಗೇ ಹೇಳುತ್ತಾರೆ, ಕೇಳಿದವರು ತಲೆಯಾಡಿಸಿ ಬಾಡಿಗೆ ಗಾಡಿ ಹುಡುಕಲು ಹೋಗುತ್ತಾರೆ. ನಾನು ಹುಕ್ಕೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಪಿತ್ತಜನಕಾಂಗದ ಚಿತ್ರವನ್ನು ವರ್ಷ ವರ್ಷ ಬೋರ್ಡಿನ ಮೇಲೆ ಬರೆದು, ಅದರ ಕೆಲಸಗಳನ್ನು ಮಕ್ಕಳಿಂದ ಬಾಯಿಪಾಠ ಹೇಳಿಸುವವಳು. ಆದರೂ ಆ ಪಡಸಾಲೆಯಲ್ಲಿ ನನಗೆ ಏನೂ ಕೇಳಲು ತೋಚಲಿಲ್ಲ. ಥ್ಯಾಂಕ್ಸ್ ಸರ್ ಅಂದೆ. ಆ ಥ್ಯಾಂಕ್ಸ್ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಒಳಗೆ ಅವ್ವ ತಮ್ಮನ ಕಾಲು ಒತ್ತುತ್ತ ಕೂತಿದ್ದಳು.

"ಏನಂದ್ರು?"

"ಇನ್ನ ಪಥ್ಯ ಇಲ್ಲಂತ. ಏನ ಬೇಕಾದ್ದ ಉಣ್ಣಬಹುದಂತ."

ಅವ್ವನ ಮುಖ ಅರಳಿತು. ಕೊರಳಲ್ಲಿದ್ದ ತುಳಸಿ ಮಾಲೆಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು. "ಪಥ್ಯ ಬಿಟ್ರು ಅಂದ್ರ ಆರಾಮ ಆದಂಗ. ಕೇಳಿದಿಲ್ಲೋ? ಏಳ, ಮನಿಗೆ ಹೋಗೂಣು" ಎಂದು ತಮ್ಮನ ಬೆನ್ನು ತಟ್ಟಿದಳು. ಅವನು ಅವ್ವನ ಕಡೆ ನೋಡಿ ನಕ್ಕ. ನನಗೆ ಅಲ್ಲೇ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಮೂಡಲಗಿಯವರೆಗೆ ಗಾಡಿಯಲ್ಲಿ ನಾನು ಕಿಟಕಿಯ ಹೊರಗೇ ನೋಡುತ್ತ ಬಂದೆ.

ಆ ಮಾಲೆಯ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ತಮ್ಮ ಮೊದಲ ಸಲ ರಕ್ತ ಕಾರಿಕೊಂಡಾಗ, ಅವ್ವ ಭಜನೆ ಮಾಡುತ್ತ ನಡೆದು ಹೋಗುವ ಓಣಿಯ ದಿಂಡಿಯವರ ಜೊತೆ ಪಂಢರಪುರಕ್ಕೆ ಹೋಗಿ, ನನ್ನ ಮಗನನ್ನು ಉಳಿಸು, ಈ ಬಾಯಿಗೆ ಇನ್ನು ಖಂಡ ಮುಟ್ಟಿಸುವುದಿಲ್ಲ ಎಂದು ಮಾಲೆ ಹಾಕಿಸಿಕೊಂಡು ಬಂದಳು. ತಮ್ಮ ಎದ್ದು ಕೂತ. ಅವನಿಗೆ ಹಾಕಿದ ಬಾಟಲಿ ಬಾಟಲಿ ರಕ್ತದ ಮಾತು ಯಾರೂ ಎತ್ತಲಿಲ್ಲ, ಓಣಿಯವರೆಲ್ಲ ತಾಯಿಯ ಮಾಲೆ ಮಗನನ್ನು ಉಳಿಸಿತು ಅಂದರು. ಅವತ್ತಿನಿಂದ ನಮ್ಮದು ಮಾಲೆಯ ಮನೆ. ಒಳಗಿನ ಒಲೆಯ ಮೇಲೆ ಮೊಟ್ಟೆ ಕೂಡ ಬೇಯಲಿಲ್ಲ. ತಮ್ಮನಿಗೆ ತಿನ್ನಬೇಕು ಅನ್ನಿಸಿದರೆ ಧಾಬಾಕ್ಕೆ ಹೋಗಿ ತಿಂದು, ಬಾವಿಯ ಬಳಿ ಕೈ ಬಾಯಿ ತೊಳೆದುಕೊಂಡು ಒಳಗೆ ಬರುತ್ತಿದ್ದ. ಮಾಲೆ ಹಾಕಿಕೊಂಡವರು ಖಂಡಕ್ಕೆ ಕೈ ಹಚ್ಚುವ ಹಾಗಿಲ್ಲ, ಹಚ್ಚಿದರೆ ಮಾಲೆ ತೆಗೆದ ಹಾಗೆಯೇ. ಮತ್ತೆ ಬೇಕೆಂದರೆ ಪಂಢರಪುರಕ್ಕೇ ಹೋಗಿ ಹಾಕಿಸಿಕೊಳ್ಳಬೇಕು.

ನನಗೂ ಅವ್ವನಿಗೂ ಈ ವಿಷಯದಲ್ಲಿ ಬಹಳ ಸಲ ಜಗಳವಾಗಿತ್ತು. ಅವಳಿಗೆ ರಕ್ತ ಕಡಿಮೆ, ಮೊಣಕಾಲು ನೋವು, ವಾರಕ್ಕೊಮ್ಮೆ ಮೊಟ್ಟೆಯಾದರೂ ತಿನ್ನು ಎಂದು ನಾನು ಹೇಳುವುದು. "ನಿನ್ನ ಸೈನ್ಸ ಸಾಲ್ಯಾಗ ಇಟ್ಟ ಬಾ" ಎಂದು ಅವಳು ಹೇಳುವುದು.

ಮನೆಗೆ ಬಂದಮೇಲೆ ನೋಡಲು ಬರುವವರ ಸಾಲು ಹತ್ತಿತು. ನಮ್ಮ ಜನಕ್ಕೆ ರೋಗಿಯ ಮನೆಗೆ ಬರಿಗೈಯಲ್ಲಿ ಹೋಗಿ ಗೊತ್ತಿಲ್ಲ. ನೀರು ಕುಡಿದರೂ ವಾಂತಿ ಮಾಡಿಕೊಳ್ಳುವವನಿಗೆ ಕರದಂಟಿನ ಪೊಟ್ಟಣ ತಂದರು, ಬಾಳೆಹಣ್ಣು ತಂದರು, ಬಿಸ್ಕೀಟು ತಂದರು. ಜಮಖಾನೆಯ ಮೇಲೆ ಸಾಲಾಗಿ ಕೂತು, ತಮ್ಮನನ್ನು ಒಂದು ಸಲ, ಗಡಿಯಾರವನ್ನು ಎರಡು ಸಲ ನೋಡಿ, ಚಹಾ ಕುಡಿದು ಎದ್ದರು. ಪ್ರತಿಯೊಬ್ಬರಿಗೂ ಅವ್ವ ಅದನ್ನೇ ಹೇಳಿದಳು. "ಪಥ್ಯ ಬಿಟ್ಟಾರ್ರಿ. ಏನ ಕೇಳ್ತಾನ ಕೊಡ್ರಿ ಅಂದಾರ." ಬಂದವರು ಅದನ್ನು ಕೇಳಿ ನೆಲ ನೋಡುತ್ತಿದ್ದರು. ಅವರಿಗೆಲ್ಲ ಅರ್ಥವಾಗುವುದು ಇವಳೊಬ್ಬಳಿಗೆ ಆಗುವುದಿಲ್ಲವಲ್ಲ ಎಂದು ನಾನು ಅಡುಗೆಮನೆಯಲ್ಲಿ ಲೋಟಗಳನ್ನು ಕುಕ್ಕಿ ಕುಕ್ಕಿ ತೊಳೆಯುತ್ತಿದ್ದೆ.

ಕೇಳಿದ್ದನ್ನು ಕೊಡಬೇಕು ಎಂದರೆ ಅವನು ಏನಾದರೂ ಕೇಳಬೇಕಲ್ಲ. ಅವನು ಏನೂ ಕೇಳುತ್ತಿರಲಿಲ್ಲ. ಅವನ ಹೆಂಡತಿ ಶಿರಾ ಮಾಡಿದಳು, ತಿಳಿ ಮಜ್ಜಿಗೆ ಮಾಡಿದಳು, ಅನ್ನವನ್ನು ನುಣ್ಣಗೆ ಕಿವುಚಿ ಹಾಲು ಹಾಕಿಕೊಟ್ಟಳು. ಎಲ್ಲಕ್ಕೂ ಬೇಡ ಎಂದು ಕೈ ಆಡಿಸುತ್ತಿದ್ದ.

ಹಾಗಿರುವಾಗ ಅವನ ಹೆಂಡತಿಯ ತವರಾದ ಕಲ್ಲೋಳಿಯಲ್ಲಿ ಅವರ ಮನೆಯವರು ಕಂದೂರಿ ಮಾಡಿದರು. ದರ್ಗಾಕ್ಕೆ ಹರಕೆ ಹೊತ್ತು, ಆಡು ಕೊಯ್ದು, ಬಂದವರಿಗೆಲ್ಲ ಉಣಿಸುವುದು. ಮಾರನೆಯ ದಿನ ಅವಳ ಅಣ್ಣ ಬೈಕಿನಲ್ಲಿ ಬಂದ. ಹ್ಯಾಂಡಲಿಗೆ ಉಳಿದ ಮಟನ್ನಿನ ಡಬ್ಬಿ ತೂಗು ಹಾಕಿಕೊಂಡಿದ್ದ. ಹೆಣ್ಣು ಕೊಟ್ಟ ಮನೆಗೆ ಕಂದೂರಿಯ ಪಾಲು ಮುಟ್ಟಿಸಲೇಬೇಕು, ಆದರೆ ಮಾಲೆಯ ಮನೆಯ ಹೊಸ್ತಿಲು ದಾಟಿಸುವ ಹಾಗಿಲ್ಲ. ಪಾಪ, ಅವನು ಡಬ್ಬಿಯನ್ನು ದನದ ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸಿ, ಕೈ ತೊಳೆದುಕೊಂಡು ಒಳಗೆ ಬಂದ.

ಕೊಟ್ಟಿಗೆಯ ಗೋಡೆಯ ಈಚೆಗೇ ತಮ್ಮನ ಮಂಚ. ಅವನು ಕಣ್ಣು ತೆರೆದು ಮೂಗು ಅರಳಿಸಿದ. ಅಷ್ಟು ದಿನದಲ್ಲಿ ಅವನ ಮುಖ ಒಂದು ವಸ್ತುವಿನ ಕಡೆ ತಿರುಗಿದ್ದನ್ನು ನಾನು ನೋಡಿದ್ದು ಆಗಲೇ.

"ಅವ್ವಾ, ಸಣ್ಣವರಿದ್ದಾಗ ಮಾಡ್ತಿದ್ದಿಯಲ್ಲ, ಹಬ್ಬದ ಮರದಿನ, ಉಳದ ಖಂಡದಾಗ ಶಾವಗಿ ಹಾಕಿ... ಅದ ಸಾರ ಬೇಕ ನೋಡ."

ಆ ಸಾರು ನಮಗಿಬ್ಬರಿಗೂ ಪ್ರಾಣವಾಗಿತ್ತು. ಹಬ್ಬದ ದಿನ ಮಟನ್ ನೆಂಟರ ಪಾಲಾಗುತ್ತಿತ್ತು, ನಮ್ಮ ಪಾಲಿಗೆ ಎಲುಬು, ರಸ. ಮಾರನೆಯ ದಿನದ್ದೇ ನಮ್ಮ ನಿಜವಾದ ಹಬ್ಬ. ಅವ್ವ ಪಾತ್ರೆಯನ್ನು ತೊಳೆಯದೆ ಇಟ್ಟಿರುತ್ತಿದ್ದಳು. ತಳಕ್ಕೆ ಹತ್ತಿದ ಮಸಾಲೆಗೆ ನೀರು ಹೊಯ್ದು, ಉಳಿದ ನಾಲ್ಕು ತುಣುಕು ಖಂಡವನ್ನು ಕೈಯಲ್ಲಿ ಎಳೆ ಎಳೆಯಾಗಿ ಬಿಡಿಸಿ ಹಾಕಿ, ಎಲುಬನ್ನು ಕುಟ್ಟಿ ಹಾಕಿ, ಕುದಿಯುವಾಗ ಗೋಧಿ ಶಾವಿಗೆಯ ಚೂರನ್ನು ಉದುರಿಸುತ್ತಿದ್ದಳು. ಡಬ್ಬಿಯ ತಳದಲ್ಲಿ ಉಳಿಯುವ, ಪಾಯಸಕ್ಕೆ ಬಾರದ ಚೂರು ಅದು. ಶಾವಿಗೆ ರಸ ಕುಡಿದು ಉಬ್ಬುತ್ತಿತ್ತು, ಸಾರು ಗಟ್ಟಿಯಾಗುತ್ತಿತ್ತು, ಒಂದು ಬಟ್ಟಲು ಉಂಡರೆ ಸಂಜೆಯವರೆಗೆ ಹಸಿವೆಯ ನೆನಪಿರುತ್ತಿರಲಿಲ್ಲ. ನಾಲ್ಕು ತುಣುಕಿನಲ್ಲಿ ಮನೆಮಂದಿಯ ಹೊಟ್ಟೆ ತುಂಬಿಸುವ ಉಪಾಯವೇ ಅದೆಂದು ನನಗೆ ಗೊತ್ತಾದದ್ದು ನನ್ನ ಮನೆಯನ್ನು ನಾನು ನಡೆಸತೊಡಗಿದ ಮೇಲೆ.

ತಮ್ಮನ ಮಾತು ಕೇಳಿ ಅವ್ವನ ಕೈ ಕೊರಳಿಗೆ ಹೋಯಿತು. "ನಿಮ್ಮಕ್ಕ ಮಾಡ್ತಾಳ ತಡಿ" ಎಂದು ಎದ್ದು ಹೊರಗೆ ಹೋದಳು.

ಅವನ ಹೆಂಡತಿ ನನ್ನ ಮುಖ ನೋಡಿದಳು. "ನಾ ಈ ಮನಿಗೆ ಬಂದಾಗಿಂದ ಆ ಸಾರ ನೋಡೇ ಇಲ್ರಿ ಅಕ್ಕಾರ. ಹೆಂಗ ಮಾಡ್ತಾರಂತನೂ ಗೊತ್ತಿಲ್ಲ."

ಸರಿ, ನಾನೇ ಕೊಟ್ಟಿಗೆಯ ಮೂಲೆಯಲ್ಲಿ ಗ್ಯಾಸಿನ ಸಣ್ಣ ಒಲೆ ಹಚ್ಚಿದೆ. ಆ ವರ್ಷ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಯಾರೂ ಶಾವಿಗೆ ಹೊಸೆದಿರಲಿಲ್ಲ, ಆಸ್ಪತ್ರೆಗೆ ಓಡಾಡುವುದರಲ್ಲೇ ಬಿಸಿಲುಗಾಲ ಮುಗಿಯುತ್ತ ಬಂದಿತ್ತು. ಅಂಗಡಿಯಿಂದ ಪ್ಯಾಕೆಟ್ ಶಾವಿಗೆ ತರಿಸಿದೆ. ಅವ್ವ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕೂತಳು. ಪಾತ್ರೆಯ ಕಡೆ ನೋಡುವುದಿಲ್ಲ, ಆದರೆ ಹೇಳದೆ ಇರುವುದೂ ಅವಳಿಂದ ಆಗುವುದಿಲ್ಲ.

"ಬೆಳ್ಳೊಳ್ಳಿ ಜಜ್ಜೀಯೋ, ಕೊಯ್ದೀಯೋ?"

"ಜಜ್ಜೇನಿ."

"ಸುಳ್ಳ ಹೇಳ್ತಿ. ಜಜ್ಜಿದ್ದ ವಾಸನಿ ಹಿಂಗ ಬರೂದಿಲ್ಲ."

"ಮಾಲಿ ಕೊರಳಿಗಷ್ಟ ಹಾಕ್ಕೊಂಡಿ ಏನವ್ವಾ? ಮೂಗಿಗೆ ಇಲ್ಲೇನು?"

ತಮ್ಮನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಒಳಗಿನಿಂದ ತಮ್ಮನೂ ನಕ್ಕಿದ್ದು ಕೇಳಿಸಿತು. ಅವ್ವ ಮಾತ್ರ ತಿರುಗಿ ನೋಡದೆ, "ಒಣ ಕೊಬ್ಬರಿ ಸುಟ್ಟ ಹಾಕ. ಕುದಿ ಸಪ್ಪಳ ಭಾಳಾತು, ಉರಿ ಸಣ್ಣ ಮಾಡ" ಎಂದಳು. ಬೆನ್ನು ತಿರುಗಿಸಿದ ಹೆಂಗಸು ಕಿವಿಯಲ್ಲಿ ಸಾರು ಕುದಿಸುತ್ತಿದ್ದಳು. ನಾನು ಅವಳು ಹೇಳಿದ್ದನ್ನೆಲ್ಲ ಮಾಡಿದೆ. ಖಂಡವನ್ನು ಎಳೆ ಎಳೆಯಾಗಿ ಬಿಡಿಸಿದೆ, ಎಲುಬು ಕುಟ್ಟಿದೆ, ಮಸಾಲೆ ಖಾರವನ್ನು ಅವನ ಹೊಟ್ಟೆಗೆ ಹೆದರಿ ಚಿಟಿಕೆಯಷ್ಟೇ ಹಾಕಿದೆ. ಶಾವಿಗೆ ಹಾಕಿ ಒಂದು ಕ್ಷಣ ಆಚೆ ತಿರುಗಿದ್ದೇ ತಡ, ಆ ಪ್ಯಾಕೆಟ್ಟಿನದು ಕರಗಿ ಅಂಟಾಗಿಬಿಟ್ಟಿತು.

ಬಟ್ಟಲಲ್ಲಿ ಹಾಕಿ ತಂದು ಅವನನ್ನು ದಿಂಬಿಗೆ ಒರಗಿಸಿ ಕೂರಿಸಿದೆ. ಒಂದು ಚಮಚೆ ತಗೊಂಡ. ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡು ನುಂಗಿದ. ಇನ್ನೊಂದು ತಗೊಂಡ.

"ಚಲೋ ಆಗೈತಿ ಅಕ್ಕಾ."

ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ಸರಿಸಿ ಗೋಡೆಯ ಕಡೆ ತಿರುಗಿ ಮಲಗಿದ. ಆಮೇಲೆ ಅಂದ, "ಇದ ಅವ್ವನ ಸಾರಲ್ಲ."

ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದೆಲ್ಲ ಅವ್ವನ ಮೇಲೆ. ಅವಳು ಹಿತ್ತಲಲ್ಲಿ ಅವನ ದುಪ್ಪಟಿ ಒಗೆಯುತ್ತಿದ್ದಳು. ಹೋಗಿ ಎದುರಿಗೆ ನಿಂತೆ. ಒಳಗೆ ಕೇಳಿಸಬಾರದೆಂದು ಹಲ್ಲು ಕಚ್ಚಿ ಮಾತಾಡಿದೆ.

"ಮಗಾ ಒಂದ ಬಟ್ಟಲ ಸಾರ ಕೇಳಾಕತ್ತಾನ. ನಿನಗ ಮಾಲಿ ದೊಡ್ಡದಾತೇನು?"

ಅವ್ವ ಒಗೆಯುತ್ತಲೇ ಇದ್ದಳು.

"ಅವಾ ಆರಾಮ ಆಗಿಲ್ಲವ್ವಾ. ಪಥ್ಯ ಬಿಟ್ರು ಅಂದ್ರ ಏನಂತ ತಿಳಕೊಂಡಿ ನೀ? ಡಾಕ್ಟರ್ ಹಂಗ್ಯಾಕ ಅಂದ್ರು ಅಂತ..."

"ನಿಮ್ಮಪ್ಪಗೂ ಹಂಗ ಅಂದಿದ್ರು."

ಅಷ್ಟು ಹೇಳಿ ಅವ್ವ ದುಪ್ಪಟಿಯನ್ನು ಕಲ್ಲಿನ ಮೇಲೆ ಬಿಟ್ಟಳು. ಕೈಯಲ್ಲಿ ಸೋಪಿನ ನೊರೆ ಹಾಗೇ ಇತ್ತು.

"ನೀ ಆಗ ಟ್ರೇನಿಂಗಿಗೆ ಹೋಗಿದ್ದಿ. ಏನ ಕೇಳ್ತಾರ ಕೊಡ್ರಿ ಅಂದ್ರು. ಹುಗ್ಗಿ ಕೇಳಿದ್ರು. ಮಾಡಿ ಕೊಟ್ಟೆ. ನೀ ಊರಿಗೆ ಬರೂದ್ರಾಗ ಹೋಗಿಬಿಟ್ರು." ಮೂಗು ತೋಳಿಗೆ ಒರೆಸಿಕೊಂಡಳು. "ನನಗ ತಿಳಿಯೂದಿಲ್ಲ ಅಂತ ತಿಳಕೊಂಡಿ? ನನಗ ಆಸ್ಪತ್ರ್ಯಾಗ ತಿಳೀತು."

"ಮತ್ತ ಎಲ್ಲರ ಮುಂದ ಆರಾಮಾತು ಆರಾಮಾತು ಅಂತ..."

"ಅವಾ ಕೇಳಸ್ಕೊಳ್ಳಲಿ ಅಂತ." ಅವ್ವ ಕೊರಳು ಮುಟ್ಟಿ ತೋರಿಸಿದಳು. "ಇದನ್ನ ಯಾರ ಹೆಸರಿಲೆ ಹಾಕ್ಕೊಂಡೇನಿ ಅವಗ ಗೊತ್ತಿಲ್ಲೇನು? ಮುಂಜಾನೆ ಕಣ್ಣ ತಗದ ಕೂಡಲೆ ನನ್ನ ಕೊರಳ ನೋಡ್ತಾನ. ಇದ ಇರೂತನಕ ಅವಗ ಧೈರ್ಯ ಇರತೈತಿ. ಇದನ್ನ ತಗದ ಹೋಗಿ ಸಾರ ಮುಂದಿಟ್ರ, ನೀ ಉಳಿಯೂದಿಲ್ಲಪಾ ಅಂತ ನಾನ ಬಾಯಿ ತಗದ ಹೇಳಿದಂಗ ಆಗೂದಿಲ್ಲೇನು?"

ಕಲ್ಲಿನ ಮೇಲಿಂದ ಜಾರುತ್ತಿದ್ದ ದುಪ್ಪಟಿಯ ಒಂದು ತುದಿ ನಾನು ಹಿಡಿದೆ, ಒಂದು ತುದಿ ಅವಳು ಹಿಡಿದಳು, ಇಬ್ಬರೂ ಸೇರಿ ಹಿಂಡಿದೆವು. ನನಗೆ ಅಳು ಬಂತು, ಅತ್ತೆ. ಅವ್ವ ಅಳಲಿಲ್ಲ. ದುಪ್ಪಟಿಯನ್ನು ಹಗ್ಗದ ಮೇಲೆ ಹರವಿ, ಮಡಿಕೆಗಳನ್ನು ಜಗ್ಗಿ ಸರಿ ಮಾಡಿದಳು. ಬಿಸಿಲು ಜೋರಾಗಿತ್ತು, ಬೇಗ ಒಣಗುತ್ತದೆ ಅಂದಳು.

ಉಳಿದ ಅರ್ಧ ಮಟನ್ ಕೆಡಬಾರದೆಂದು ಸಂಜೆ ಇನ್ನೊಮ್ಮೆ ಕುದಿಸಿ ಕೊಟ್ಟಿಗೆಯಲ್ಲೇ ಮುಚ್ಚಿಟ್ಟೆ. ಯಾಕೆ ಇಟ್ಟೆನೋ, ಯಾರು ತಿನ್ನುವವರಿದ್ದರೋ. ಚೆಲ್ಲಲು ಮನಸ್ಸಾಗಲಿಲ್ಲ, ಅಷ್ಟೇ.

ಮಾರನೆಯ ಬೆಳಿಗ್ಗೆ ಅವ್ವ ಗಂಜಿ ಹಿಡಿದುಕೊಂಡು ಅವನ ಮಂಚದ ಹತ್ತಿರ ಹೋದಳು. ನಾನು ಕಸ ಗುಡಿಸುತ್ತಿದ್ದೆ. ಅವನು ಗಂಜಿಯ ಕಡೆ ನೋಡಲಿಲ್ಲ.

"ಅವ್ವಾ, ಆ ಸಾರ ನೀನ ಮಾಡ."

"ನಿನ್ನೆ ಅಕ್ಕ ಮಾಡಿದ್ಲಲ್ಲೋ. ಖಾರ ಕಡಿಮಿ ಆಗಿತ್ತೇನು? ಇವತ್ತ ಮತ್ತ ಮಾಡಸ್ತೀನಿ."

"ನೀ ಮಾಡ."

"ನನಗ ಬರೂದಿಲ್ಲೋ. ಮಾಲಿ ಐತಲ್ಲ."

"ತಗದ ಮಾಡ." ಅವನ ದನಿಯಲ್ಲಿ ಹಟವಿರಲಿಲ್ಲ. "ನನಗ ಎಲ್ಲಾ ಗೊತ್ತೈತಿ ಅವ್ವಾ."

ನಾನು ಪೊರಕೆ ಹಿಡಿದುಕೊಂಡು ನಿಂತುಬಿಟ್ಟೆ. ಅವ್ವ ಗಂಜಿಯ ಬಟ್ಟಲನ್ನು ಕೆಳಗಿಟ್ಟಳು. ಅವನ ಮುಖವನ್ನೇ ನೋಡಿದಳು. ಅವನೂ ಕಣ್ಣು ಕೀಳಲಿಲ್ಲ. ಅವಳು ಎಷ್ಟೋ ದಿನದಿಂದ ಅವನಿಗಾಗಿ ಹೊತ್ತದ್ದನ್ನು ಅವನೂ ಅವಳಿಗಾಗಿ ಹೊತ್ತಿದ್ದ. ಈ ಮನೆಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ನನಗೆ ಇಬ್ಬರ ಮೇಲೂ ಕೋಪ ಬಂತು, ಇಬ್ಬರನ್ನೂ ತಬ್ಬಿಕೊಳ್ಳಬೇಕು ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

ಅವ್ವ ಸೆರಗು ತೆಗೆದು, ಮಾಲೆಯನ್ನು ತಲೆಯ ಮೇಲಿಂದ ಎಳೆದಳು. ತುರುಬಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡಳು. ದೇವರ ಮುಂದೆ ಇಡುತ್ತಾಳೆ ಅಂದುಕೊಂಡೆ. ಅವಳು ತಮ್ಮನ ಅಂಗೈ ಬಿಡಿಸಿ ಅದರಲ್ಲಿಟ್ಟು, "ಹಿಡಕೊಂಡಿರ" ಅಂದಳು. ಕೊಟ್ಟಿಗೆಗೆ ಹೋದಳು.

ನಾನು ಸಹಾಯಕ್ಕೆ ಹೋದರೆ ಕೈಯಿಂದಲೇ ದೂರ ಸರಿಸಿದಳು. ಇಷ್ಟು ವರ್ಷ ಮುಟ್ಟದ ಕೈ ಒಂದು ಚೂರೂ ತಡವರಿಸಲಿಲ್ಲ. ನಾನು ಬಿಡಿಸಿದ್ದಕ್ಕಿಂತ ಸಣ್ಣಗೆ ಖಂಡ ಬಿಡಿಸಿದಳು. ಬೆಳ್ಳುಳ್ಳಿಯನ್ನು ಸಿಪ್ಪೆಯ ಸಮೇತ ಜಜ್ಜಿದಳು, ಅದನ್ನು ನಿನ್ನೆ ನನಗೆ ಹೇಳಿರಲಿಲ್ಲ. ಖಾರವನ್ನು ಹೊಟ್ಟೆಗೆ ಹೆದರದೆ ಹಾಕಿದಳು. ಮಾಳಿಗೆಯ ಮೇಲಿನಿಂದ ಹಳೆಯ ಡಬ್ಬಿ ಇಳಿಸಿ, ತಳದಲ್ಲಿದ್ದ ಶಾವಿಗೆಯ ಚೂರನ್ನು ಮೊರದಲ್ಲಿ ಕೇರಿ, ಹುಳ ಆರಿಸಿ, ಒಣ ಬಾಣಲೆಯಲ್ಲಿ ಕೆಂಪಗೆ ಹುರಿದು ಹಾಕಿದಳು. ಹುರಿಯಬೇಕೆಂಬುದನ್ನೂ ಹೇಳಿರಲಿಲ್ಲ. ನನಗೇ ಬರುತ್ತದೆ ಅಂದುಕೊಂಡಳೋ, ಬರದಿರಲಿ ಅಂದುಕೊಂಡಳೋ, ನಾನು ಕೇಳಲಿಲ್ಲ. ಘಮಲು ಓಣಿಗೆ ಹೋಯಿತು. ಆಚೆ ಮನೆಯ ಮುದುಕಿ ಕಾಂಪೌಂಡಿನ ಮೇಲೆ ತಲೆ ಹಾಕಿ, ಅವ್ವನ ಬರಿಯ ಕೊರಳು ನೋಡಿ, ಏನೂ ಕೇಳದೆ ಒಳಗೆ ಹೋದಳು. ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಅಳುತ್ತಿದ್ದಳು.

ಅವ್ವ ಬಟ್ಟಲು ತಂದು ಮಂಚದ ಅಂಚಿಗೆ ಕೂತು, ಚಮಚೆಯನ್ನು ಊದಿ ಊದಿ ಆರಿಸಿ ಅವನ ಬಾಯಿಗೆ ಹಿಡಿದಳು. ಅವನು ತಿಂದ. ಕಣ್ಣು ಮುಚ್ಚಿಕೊಂಡೇ, "ಇದ ನೋಡ" ಅಂದ. ಇನ್ನೊಂದು, ಮತ್ತೊಂದು. ಗಲ್ಲದ ಮೇಲೆ ಇಳಿದದ್ದನ್ನು ಅವ್ವ ಹೆಬ್ಬೆರಳಿನಿಂದ ಒರೆಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವನು ಮುಷ್ಟಿ ಬಿಚ್ಚಿ ಮಾಲೆಯನ್ನು ಅವಳ ಕಡೆ ಚಾಚಿದ.

"ತೊಗೋ, ಹಾಕ್ಕೋ ಇನ್ನ."

"ಹಂಗ ಹಾಕ್ಕೊಳ್ಳಾಕ ಬರೂದಿಲ್ಲೋ ಹುಚ್ಚಾ. ಖಂಡ ಮುಟ್ಟಿದ ಕೈ. ಪಂಢರಪುರಕ್ಕ ಹೋಗಿ ಹಾಕಿಸ್ಕೋಬೇಕ."

"ಯಾವಾಗ ಹೋಗ್ತಿ?"

ಅವ್ವನ ಕೈಯಲ್ಲಿದ್ದ ಚಮಚೆ ಬಟ್ಟಲಿಗೂ ಅವನ ಬಾಯಿಗೂ ನಡುವೆ ನಿಂತಿತು. ಅವಳು ನನ್ನ ಕಡೆ ನೋಡಿದಳು. ತಮ್ಮನೇ ಯೋಚನೆ ಮಾಡಿ ಹೇಳಿದ, ಹೊಲಕ್ಕೆ ನೀರು ಬಿಡುವ ದಿನ ಗೊತ್ತು ಮಾಡುವಷ್ಟೇ ಸಹಜವಾಗಿ.

"ಆಷಾಢದಾಗ ದಿಂಡಿಯವರ ಜೋಡಿ ಹೋಗ. ಅಷ್ಟೊತ್ತಿಗೆ ನಿನಗ ಬಿಡುವ ಆಗಿರತೈತಿ."

"ಹೂಂ" ಎಂದು ಅವ್ವ ಚಮಚೆಯನ್ನು ಮುಂದೆ ಹಿಡಿದಳು. ಅವನು ಬಾಯಿ ತೆರೆದ.